ಟ್ರಕ್ಕಿಗೆ ಹಚ್ಚಿದ ಮೀನೆಣ್ಣೆ

ತಮ್ಮನ ರಿಮೋಟ್ ಟ್ರಕ್ಕಿಗೆ ಮೀನೆಣ್ಣೆ ಹಚ್ಚಿದವನು ನಾನೇ. ಹಾಳು ಮಾಡಲು ಹಚ್ಚಿದ್ದಲ್ಲ, ಉಳಿಸಲೆಂದೇ ಹಚ್ಚಿದ್ದು. ಆದರೆ ಆಮೇಲೆ ಬಾಯಿ ಮುಚ್ಚಿಕೊಂಡು ನಿಂತೆನಲ್ಲ, ಅದಕ್ಕೆ ಅಂಥ ಒಳ್ಳೆಯ ಕಾರಣ ಇರಲಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆ ದೋಣಿ ಹತ್ತಿದವನು. ತಮ್ಮ ಐಟಿಐ ಮುಗಿಸಿ ಕಾರವಾರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಕುಳಿತ. ಯಾರೋ ಕೆಟ್ಟಿತೆಂದು ಬಿಟ್ಟುಹೋದ ಟ್ರಕ್ಕನ್ನು ಮನೆಗೆ ತಂದು ಇಡೀ ಮಳೆಗಾಲ ಬಿಚ್ಚಿದ, ಜೋಡಿಸಿದ. ಮೊಣಕೈ ಉದ್ದದ ಗಾಡಿ, ದಪ್ಪ ಟೈರು, ಚಕ್ರಕ್ಕೊಂದು ಸ್ಪ್ರಿಂಗು. ಕಲ್ಲು ಹತ್ತುವಾಗ ಏಡಿಯ ಹಾಗೆ ಒಂದೊಂದೇ ಕಾಲು ಎತ್ತಿಟ್ಟು ಹೋಗುತ್ತಿತ್ತು. ನನಗೆ ಮಾತ್ರ ಮುಟ್ಟಲು ಕೊಡುತ್ತಿರಲಿಲ್ಲ. ನಿನ್ನದು ಬಲೆ ಎಳೆಯುವ ಕೈ, ಇದು ಬೆರಳಿನ ಕೆಲಸ ಎನ್ನುತ್ತಿದ್ದ.

ಬೇಡ ಎಂದ ಮೇಲೆ ಬಿಡುವುದು ಹೇಗೆ? ಅವನು ಅಂಗಡಿಗೆ ಹೋದ ಒಂದು ದಿನ ಟ್ರಕ್ಕನ್ನು ಲುಂಗಿಯಲ್ಲಿ ಸುತ್ತಿಕೊಂಡು ದೇವಬಾಗದ ದಂಡೆಗೆ ನಡೆದೆ. ಮೊದಲು ಏಡಿಗಳನ್ನು ಅಟ್ಟಿಸಿದೆ. ಆಮೇಲೆ ಪಕ್ಕದ ಮನೆಯ ಚಿಕ್ಕಮ್ಮ ಒಣಹಾಕಿದ್ದ ಮೀನಿನ ನಡುವೆಯೇ ನುಗ್ಗಿಸಿದೆ. ಅವಳು ಪೊರಕೆ ಹಿಡಿದು ಬಂದಳು. ಯಾರನ್ನು ಹೊಡೆಯಬೇಕೆಂದು ತಿಳಿಯದೆ ಟ್ರಕ್ಕಿಗೇ ಎರಡು ಬಾರಿಸಿದಳು. ಆ ಖುಷಿಯಲ್ಲಿ ನೀರಿನ ಅಂಚಿನಲ್ಲಿ ಓಡಿಸಿದೆ. ಹುಟ್ಟಿದಾಗಿನಿಂದ ಅಲೆ ನೋಡಿದವನು ನಾನು. ಆದರೂ ಕೈಯಲ್ಲಿ ರಿಮೋಟ್ ಇದ್ದರೆ ಬುದ್ಧಿ ಎಲ್ಲಿಗೆ ಹೋಗುತ್ತದೋ! ಒಂದು ಅಲೆ ಬಂದು ಟ್ರಕ್ಕನ್ನು ಮಗುಚಿ ಒಳಗೆ ಎಳೆದುಕೊಂಡಿತು.

ಹಾರಿ ಹಿಡಿದೆ. ಬಾವಿಯ ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆ. ಸಂಜೆಯ ಹೊತ್ತಿಗೆ ಚಕ್ರ ತಿರುಗಿತು, ನನ್ನ ಜೀವವೂ ತಿರುಗಿ ಬಂತು. ಇನ್ನು ತುಕ್ಕಿನ ಹೆದರಿಕೆ. ಉಪ್ಪುನೀರು ಕುಡಿದ ದೋಣಿಗೆ ನಾವು ಏನು ಹಚ್ಚುತ್ತೇವೆ? ತಾರ್ಲಿ ಮೀನಿನ ಎಣ್ಣೆ. ಅದನ್ನೇ ಚಿಂದಿಯಲ್ಲಿ ಅದ್ದಿ ಚಕ್ರದ ಸಂದಿಗೆ, ಸ್ಪ್ರಿಂಗಿಗೆ, ಹೊಟ್ಟೆಯ ಅಡಿಗೆ ಧಾರಾಳವಾಗಿ ಬಳಿದು ಮೇಲೆ ಒರೆಸಿಟ್ಟೆ. ತಮ್ಮನಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮ ಮನೆಯ ವಾಸನೆಯೇ ಅದು.

ಚಳಿಗಾಲದ ರವಿವಾರಗಳಲ್ಲಿ ಶೆಟಗೇರಿಯ ಹಳೆಯ ಚಿರೆಕಲ್ಲಿನ ಕ್ವಾರಿಯಲ್ಲಿ ಇಂಥ ಟ್ರಕ್ಕು ಓಡಿಸುವವರು ಸೇರುತ್ತಾರೆ. ಅದೇ ಊರಿನ ಒಬ್ಬ ಮಾಸ್ತರರು, ಕದ್ರಾದಲ್ಲಿ ಕರೆಂಟಿನ ಕೆಲಸದ ಇಬ್ಬರು. ಕೈ ಮುಟ್ಟಿಸದೆ ಕ್ವಾರಿಯ ಗೋಡೆ ಹತ್ತಿಸಿ ತೋರಿಸಿದರೆ ನಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತೇವೆ, ಗೋವಾದ ದೊಡ್ಡ ಕೂಟಕ್ಕೂ ಕರೆದುಕೊಂಡು ಹೋಗುತ್ತೇವೆ ಎಂದು ಅವರು ತಮ್ಮನಿಗೆ ಹೇಳಿದ್ದರು. ಅವನಿಗೆ ವಾರವಿಡೀ ಊಟ ಸೇರಿರಲಿಲ್ಲ.

ಆ ರವಿವಾರ ಬೆಳಿಗ್ಗೆ ಬೈಕಿನ ಹಿಂದೆ ಟ್ರಕ್ಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಾನೂ ಹೋದೆ. ಕಾಳಿ ಸೇತುವೆಯ ಮೇಲೆ ಹಲ್ಲು ಕಟಕಟ ಅಂದವು. ಶೆಟಗೇರಿ ಮುಟ್ಟುವಾಗ ಸ್ವೆಟರ್ ತೆಗೆಯುವಷ್ಟು ಬಿಸಿಲು. ನಮ್ಮ ಕರಾವಳಿಯ ಚಳಿಯ ಆಯುಷ್ಯ ಅಷ್ಟೇ. ಮಾಸ್ತರರ ಮನೆಯಲ್ಲಿ ಚಹಾ, ಅವಲಕ್ಕಿ ಆಯಿತು. ಆ ಹೊತ್ತು ಟ್ರಕ್ಕುಗಳೆಲ್ಲ ಹೊರಗೆ ಜಗುಲಿಯ ಮೇಲೆ ಸಾಲಾಗಿ ಕೂತಿದ್ದವು.

ಕ್ವಾರಿಯಲ್ಲಿ ಹೊಟ್ಟೆ ಬಂದ ಗಂಡಸರು ಕುಕ್ಕರಗಾಲಲ್ಲಿ ಕೂತು ಆಟಿಕೆಗೆ ‘ನಿಧಾನ, ನಿಧಾನ’ ಎನ್ನುವುದನ್ನು ನೋಡಿ ನಗು ತಡೆಯುವುದೇ ಕಷ್ಟವಾಗಿತ್ತು. ಮಾಸ್ತರರ ಕೆಂದು ನಾಯಿ ಗೇರುಮರದ ಅಡಿ ಮಲಗಿತ್ತು. ಉಳಿದ ಟ್ರಕ್ಕುಗಳು ಅದರ ಮೂಗಿನ ಮುಂದೆಯೇ ಹೋದರೂ ಕಣ್ಣು ಬಿಡಲಿಲ್ಲ. ತಮ್ಮನ ಟ್ರಕ್ಕು ಗೋಡೆಯ ಅರ್ಧ ಹತ್ತಿತ್ತು, ಅಷ್ಟರಲ್ಲಿ ನಾಯಿ ಎದ್ದು ಕೂತಿತು. ಮೂಸಿತು. ಹಿಂದಿನಿಂದ ಬಂದು ಸ್ಪ್ರಿಂಗು ನೆಕ್ಕತೊಡಗಿತು, ಎಷ್ಟು ಪ್ರೀತಿಯಿಂದ ಅಂದರೆ ಓಡಿಸಲೂ ಮನಸ್ಸು ಬಾರದ ಹಾಗೆ. ಕೊನೆಗೆ ಮುಂದಿನ ಬಂಪರ್ ಕಚ್ಚಿ ಎತ್ತಿಕೊಂಡು ಹೊರಟೇಬಿಟ್ಟಿತು. ತಮ್ಮ ರಿವರ್ಸ್ ಒತ್ತಿದ. ಗಾಳಿಯಲ್ಲಿ ನಾಲ್ಕೂ ಚಕ್ರ ಹಿಂದಕ್ಕೆ ತಿರುಗಿದವು, ನಾಯಿ ಮುಂದಕ್ಕೆ ನಡೆಯಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಸ್ತರರು ನಾಯಿಯ ಬಾಯಿಂದ ಟ್ರಕ್ಕು ಬಿಡಿಸಿ ಮೂಸಿ ನೋಡಿ, “ಎಂತಾ ಮಾರಾಯಾ, ಗಾಡಿಗೂ ಮೀನು ಉಣಿಸ್ಕಂಡೇ ಬಂದ್ಯಾ?” ಎಂದರು.

ತಮ್ಮ ತಾನೂ ಮೂಸಿದ. ಅವನ ಮುಖ ಕಪ್ಪಾಯಿತು. ಅವನ ತಲೆಯಲ್ಲಿ ಓಡಿದ್ದು ಚಹಾದ ಹೊತ್ತು ಟ್ರಕ್ಕು ಬಿಟ್ಟಿದ್ದ ಜಗುಲಿ ಎಂದು ನನಗೆ ಕೂಡಲೇ ತಿಳಿಯಿತು.

“ಚಾ ಕುಡೀಲಿಕ್ಕೆ ಒಳಗೆ ಕರೆಯೂದು, ಹಿಂದಿಂದ ಎಣ್ಣೆ ಸವರೂದು. ಆಮೇಲೆ ಮೀನಿನೋರು ನಾರ್ತಾರೆ ಅಂತ ನಗೂದು. ಅಲ್ವಾ ಮಾಸ್ತರ್ರೇ?”

ನಗು ನಿಂತಿತು. ಮಾಸ್ತರರು ತಾವು ಮುಟ್ಟಿಲ್ಲ ಎಂದು ಎರಡೆರಡು ಸಲ ಹೇಳಿದರು. ತಮ್ಮ ಕೇಳಲಿಲ್ಲ. ಟ್ರಕ್ಕು ಕಸಿದುಕೊಂಡು ಬೈಕಿನತ್ತ ನಡೆದ. ಒಂದು ಮಾತು ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ, ಅವನ ಹಿಂದೆ ಹೋಗಿ ಕೂತೆ.

ಟ್ರಕ್ಕು ಬರುವ ಮೊದಲು ರವಿವಾರವೆಂದರೆ ನಾವಿಬ್ಬರೂ ಪಾತಿ ದೋಣಿ ತೆಗೆದುಕೊಂಡು ಕಾಳಿಯ ಅಳಿವೆಯಲ್ಲಿ ಗಾಳ ಹಾಕುತ್ತಿದ್ದೆವು. ಟ್ರಕ್ಕು ಬಂದ ಮೇಲೆ ನಾನೊಬ್ಬನೇ. ಕ್ವಾರಿಯಲ್ಲಿ ಅವನು ಮಾಸ್ತರರ ಮೇಲೆ ಎರಗಿದಾಗ ನನ್ನೊಳಗೆ ಒಂದು ಹಾಳು ಸಂತೋಷ ಎದ್ದಿತ್ತು. ಹೋಯಿತು, ಇವರ ಸಹವಾಸ ಮುಗಿಯಿತು, ಇನ್ನು ಇವನು ನನ್ನವನು ಎಂದು.

ಅವರ್ಸಾ ಹತ್ತಿರ ಅವನು ಬೈಕು ನಿಲ್ಲಿಸಿದ. ತಿರುಗಿ ನೋಡದೆ, “ಅಣ್ಣಾ, ಇನ್ಮೇಲೆ ಆಯ್ತವಾರ ನಾ ನಿನ್ ಸಂಗ್ತಿಗೇ ಬರ್ತೆ. ನಮ್ಮೋರು ನಮ್ಮೋರೇ” ಎಂದ.

ಬೇಕಾದದ್ದು ಕೈಗೆ ಬಂದಿತ್ತು. ಆದರೆ ಸುಳ್ಳಿನಿಂದ ಬಂದದ್ದನ್ನು ಇಟ್ಟುಕೊಳ್ಳಲು ಆಗಲಿಲ್ಲ. ಅವನ ಬೆನ್ನಿಗೇ ಎಲ್ಲವನ್ನೂ ಹೇಳಿದೆ, ಏಡಿ, ಚಿಕ್ಕಮ್ಮ, ಅಲೆ, ಎಣ್ಣೆ.

ಅವನು ತಿರುಗಿ ನನ್ನ ತೊಡೆಯ ಮೇಲಿದ್ದ ಟ್ರಕ್ಕನ್ನು ನೋಡಿದ. ಆಮೇಲೆ ಕೇಳಿದ್ದು, “ಮೋಟರಿಗೆ ಉಪ್ಪುನೀರು ಹೋಗಿತ್ತಾ?”

ಹೋಗಿತ್ತು ಎಂದೆ. ಬೈಕು ಶೆಟಗೇರಿಗೆ ತಿರುಗಿತು. “ನೀನೇ ಹೇಳೂದು. ನಾ ಹೆಲ್ಮೆಟ್ ತೆಗೂದಿಲ್ಲ.”

ಕ್ವಾರಿಯಲ್ಲಿ ಅವರು ಇನ್ನೂ ಇದ್ದರು. ನಾನು ಹೇಳಿದೆ. ಹೆಲ್ಮೆಟ್ಟಿನ ಒಳಗಿಂದ ತಮ್ಮ ಏನೋ ಗೊಣಗಿದ. ಕೇಳುವುದಿಲ್ಲ, ತೆಗೆದು ಹೇಳು ಎಂದು ಮಾಸ್ತರರು ಅವನಿಂದ ಹೆಲ್ಮೆಟ್ ತೆಗೆಸಿ, ತಪ್ಪಾಯಿತು ಎನ್ನಿಸಿಕೊಂಡರು. ಆಮೇಲೆ ನನ್ನತ್ತ ತಿರುಗಿದರು.

“ಮತ್ತೆ ಆವಾಗ್ಲೇ ಎಂತಕ್ಕೆ ಹೇಳ್ಲಿಲ್ಲ?”

“ಹೆದರಿಕೆ ಆಯ್ತು ಮಾಸ್ತರ್ರೇ” ಎಂದೆ.

ಅವರು ನಂಬಿದರು, ತಮ್ಮನೂ ನಂಬಿದ. ನಾಯಿಯನ್ನು ಗೇರುಮರಕ್ಕೆ ಕಟ್ಟಿ ಇನ್ನೊಮ್ಮೆ ಹತ್ತಿಸು ಎಂದರು. ಟ್ರಕ್ಕು ಹತ್ತಿತು. ನಾಯಿ ಊಳಿಟ್ಟಿತು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಈಗ ರವಿವಾರ ಅವನು ಶೆಟಗೇರಿಗೆ, ನಾನು ಅಳಿವೆಗೆ. ಮನೆಗೆ ಯಾರೇ ಬರಲಿ, ಅವನು ಈ ಕಥೆ ಹೇಳದೆ ಬಿಡುವುದಿಲ್ಲ. ನಮ್ಮಣ್ಣ ಸಮುದ್ರಕ್ಕೆ ಹೆದರುವುದಿಲ್ಲ, ಮಾಸ್ತರರಿಗೆ ಹೆದರುತ್ತಾನೆ ಎಂದು ಎಲ್ಲರನ್ನೂ ನಗಿಸುತ್ತಾನೆ. ನಾನೂ ತಲೆ ತಗ್ಗಿಸಿ ಹೌದು ಎನ್ನುತ್ತೇನೆ. ನಿಜವಾದ ಕಾರಣ ಹೇಳುವುದಕ್ಕಿಂತ ಪುಕ್ಕಲ ಎನ್ನಿಸಿಕೊಳ್ಳುವುದೇ ನನಗೆ ಅಗ್ಗ.