ಹೂವಮ್ಮ ಕಾಯ್ದ ಕಡಲ ನೀರು

ಹೂವಮ್ಮನಿಗೆ ಹೆದರಿಕೆ ಹೊಸದಲ್ಲ. ಶಿವಮೊಗ್ಗದ ಹತ್ತಿರದ ಗೋಪಾಳದಲ್ಲಿ ಗದ್ದೆಯ ಬದುವಿನ ಮೇಲೆ ಹಾವು ಹರಿದರೆ ಅರ್ಧ ದಿನ ಅವಳು ಗದ್ದೆಗೆ ಇಳಿಯುತ್ತಿರಲಿಲ್ಲ. ಅಮಲ್ದಾರರ ಗಾಡಿ ಊರಿಗೆ ಬಂತೆಂದರೆ ಕಣಜದ ಹಿಂದೆ ಅವಿತುಕೊಳ್ಳುತ್ತಿದ್ದಳು. ಗಂಡ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣುವುದು ಕಷ್ಟವಾಯಿತು. ಮೂವತ್ತೆರಡರ ವಯಸ್ಸಿನಲ್ಲಿ ಒಂದು ಟ್ರಂಕು ಹಿಡಿದು, ಹಳಬರು ಇನ್ನೂ ಬೆಂಕಿಪುರ ಎನ್ನುತ್ತಿದ್ದ ಭದ್ರಾವತಿಗೆ ಬಂದು ಷಣ್ಮುಖಪ್ಪನವರ ಮನೆಗೆಲಸಕ್ಕೆ ಸೇರಿದಳು.

ಷಣ್ಮುಖಪ್ಪನವರು ಕಬ್ಬಿಣದ ಕಾರ್ಖಾನೆಯಲ್ಲಿ ಕೆಮಿಸ್ಟರು. ಮಾತು ಕಡಿಮೆ. ಬೈದರೆ ಬೈದುಬಿಟ್ಟರು ಎಂದು ಸುಮ್ಮನಾಗಬಹುದಿತ್ತು. ಅವರು ಬೈಯುತ್ತಲೂ ಇರಲಿಲ್ಲ. ಆ ಮೌನ ಕಂಡರೆ ಹೂವಮ್ಮನ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು.

ಅವರ ಪಡಸಾಲೆಯಲ್ಲಿ ಒಂದೂವರೆ ಮೊಳ ಉದ್ದದ ಗಾಜಿನ ತೊಟ್ಟಿ ಇತ್ತು. ಮದ್ರಾಸಿನಲ್ಲಿ ಓದುವಾಗ ಕಡಲ ದಂಡೆಯ ಮೀನುಮನೆ ನೋಡಿ ಹಿಡಿದ ಹುಚ್ಚು ಅದು. ಕಮ್ಮಾರನಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ಡಾಮರು ಬಳಿಸಿ, ನಾಲ್ಕು ಕಡೆ ಗಾಜು ಕೂರಿಸಿದ್ದರು. ಒಳಗೆ ತುಂಬಿದ್ದು ಹೊಳೆಯ ನೀರಲ್ಲ, ಮಲ್ಪೆಯ ಕಡಲ ನೀರು. ಹಳದಿ ಕಪ್ಪು ಪಟ್ಟೆಯ ಎರಡು ಪುಟ್ಟ ಮೀನು, ಗಾಜಿನಂತೆ ಪಾರದರ್ಶಕವಾದ ಮೂರು ಸೀಗಡಿ, ಕಲ್ಲಿಗೆ ಅಂಟಿಕೊಂಡು ಬೆರಳಿನಂಥ ಎಸಳುಗಳನ್ನು ಬಿಚ್ಚಿ ಮುಚ್ಚುವ, ಕಡಲಹೂ ಎಂಬ ಒಂದು ಜೀವಿ ಅದರಲ್ಲಿದ್ದವು. ಲಿಂಗ ಕಟ್ಟಿದವರ ಮನೆಯಲ್ಲಿ ಮೀನು ಸಾಕುವುದೇ ಎಂದು ಬೀದಿಯವರು ನಗುತ್ತಿದ್ದರು.

ತೊಟ್ಟಿಯ ನೀರು ತಿಳಿಯಾಗಿಡುವ ಕೆಲಸ ಹೂವಮ್ಮನ ಪಾಲಿಗೆ ಬಂತು. ಬೆಳಿಗ್ಗೆ ರಬ್ಬರ್ ಕೊಳವೆಯಿಂದ ತಳದ ಕಸ ಎಳೆಯಬೇಕು. ಬಿಳಿ ಪಿಂಗಾಣಿ ಹೂಜಿಯಲ್ಲಿ ನೀರು ಮೊಗೆದು, ತೊಳೆದ ಮರಳು, ಇದ್ದಿಲು, ಬಟ್ಟೆ ಹಾಸಿದ ತೂತಿನ ಮಡಕೆಯಲ್ಲಿ ಸೋಸಿ, ಗಾಳಿ ಬೆರೆಯುವಂತೆ ಎತ್ತರದಿಂದ ಮತ್ತೆ ತೊಟ್ಟಿಗೆ ಸುರಿಯಬೇಕು. ಬಿಸಿಲಿಗೆ ಆರಿದಷ್ಟು ನೀರನ್ನು ಮಾತ್ರ ಕಾಯಿಸಿ ತಣಿಸಿದ ಹೊಳೆ ನೀರಿನಿಂದ ತುಂಬಬೇಕು, ಯಾಕೆಂದರೆ ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಮೇವು ಒಂದು ಚಿಟಿಕೆಗಿಂತ ಹೆಚ್ಚು ಬಿದ್ದರೆ ಕೊಳೆತು ನೀರು ಕದಡುತ್ತದೆ. ಒಂದೊಂದನ್ನೂ ಷಣ್ಮುಖಪ್ಪನವರು ಒಮ್ಮೆ ಮಾತ್ರ ಹೇಳಿದ್ದರು. ಮತ್ತೆ ಕೇಳಲು ಅವಳಿಗೆ ಧೈರ್ಯವಿರಲಿಲ್ಲ.

1930ರ ಬೇಸಿಗೆಯಲ್ಲಿ ಅವರು ದಾವಣಗೆರೆಗೆ ಹೊರಟರು. ಹೆಂಡತಿ ಜಗದಾಂಬಾ ಹೆರಿಗೆಗೆಂದು ತವರಿಗೆ ಹೋಗಿದ್ದರು. ತಾಯಿ ಮಗುವನ್ನು ಕರೆತರಲು ಎಂಟು ದಿನ ಬೇಕಿತ್ತು. "ನೀರು ನೋಡ್ಕೋ" ಎಂದಷ್ಟೇ ಹೇಳಿ ಹೋದರು.

ನಾಲ್ಕನೆಯ ದಿನ ಹೂಜಿ ಒಡೆಯಿತು. ಒದ್ದೆ ಕೈಯಿಂದ ಜಾರಿ ಹೊಸ್ತಿಲಿಗೆ ಬಿದ್ದು ಮೂರು ಹೋಳಾಯಿತು. ಹೂವಮ್ಮ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿ ಹಿತ್ತಲಲ್ಲಿ ಹೂತಳು. ಜಿಡ್ಡು ಹತ್ತಿದ ಅಡಿಗೆಮನೆಯ ಪಾತ್ರೆ ಬಳಸಲು ಮನಸ್ಸಾಗದೆ, ಮನೆಯಲ್ಲೇ ಅತ್ಯಂತ ಚೊಕ್ಕವಾದ ದೇವರ ಕೋಣೆಯ ತಾಮ್ರದ ತಂಬಿಗೆಯನ್ನು ತೆಗೆದುಕೊಂಡಳು. ಹುಣಸೆಹಣ್ಣು ಹಚ್ಚಿ ಬೆಳಗಿದಳು, ತೊಳೆದಳು, ಮತ್ತೆ ತೊಳೆದಳು. ತಾಮ್ರದಲ್ಲಿಟ್ಟ ನೀರು ಒಳ್ಳೆಯದೆಂದು ಅವಳ ಅವ್ವ ಹೇಳುತ್ತಿದ್ದಳು. ಸೋಸಿದ ಕಡಲ ನೀರನ್ನು ಒಂದು ರಾತ್ರಿ ಅದರಲ್ಲೇ ಇಟ್ಟು, ಬೆಳಿಗ್ಗೆ ತೊಟ್ಟಿಗೆ ಸುರಿದಳು.

ಮಧ್ಯಾಹ್ನದ ಹೊತ್ತಿಗೆ ಒಂದು ಸೀಗಡಿ ಮಗ್ಗುಲಾಗಿತ್ತು. ಸಂಜೆಗೆ ಮೂರೂ. ಕಡಲಹೂ ಮುದುರಿ ಗಂಟಿನಂತಾಗಿ ಲೋಳೆ ಬಿಡುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗಾಗಿತ್ತು. ಆ ಬಿಳುಪಿನ ಹಿಂದೆ ಮೀನುಗಳು ಇವೆಯೋ ಇಲ್ಲವೋ ಗೊತ್ತಾಗಲಿಲ್ಲ. ಗಾಜಿಗೆ ಹಣೆ ಹಚ್ಚಿ ನೋಡಿದಳು.

ಎಲ್ಲಿ ತಪ್ಪಿದೆನೆಂದು ಒಂದೊಂದೇ ನೆನೆಯುತ್ತ ತಂಬಿಗೆ ಎತ್ತಿಕೊಂಡಾಗ ಒಳಮೈಯಲ್ಲಿ ಹಸಿರು ಗೆರೆ ಕಂಡಿತು. ಕಿಲುಬು. ಕಲಾಯಿ ಇಲ್ಲದ ತಾಮ್ರದಲ್ಲಿ ಮಜ್ಜಿಗೆ ಇಟ್ಟರೆ ಕಿಲುಬೇರಿ ವಿಷವಾಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಹುಳಿಗೆ ಏರುವ ಕಿಲುಬು ಉಪ್ಪಿಗೆ ಏರದೇ ಇದ್ದೀತೇ? ಅವಳು ತಂಬಿಗೆ ಹಿಡಿದು ಅಲ್ಲೇ ಕೂತಳು. ಕೊಂದದ್ದು ತಾನೇ, ಅದೂ ದೇವರ ತಂಬಿಗೆಯಿಂದ.

ಕೂತಿದ್ದರೆ ಮೀನೂ ಹೋಗುತ್ತವೆ. ಕೈಯನ್ನು ನೀರಿಗಿಳಿಸಿ ತಡಕಿ, ಬಟ್ಟೆಯಲ್ಲಿ ಎರಡೂ ಮೀನುಗಳನ್ನು ಹಿಡಿದಳು. ಬದುಕಿದ್ದವು, ಆದರೆ ಕಿವಿರು ಬಡಿತ ಜೋರಾಗಿತ್ತು. ಮೂಲೆಯ ಜಾಡಿಯಲ್ಲಿ ಹೋದ ತಿಂಗಳ ಕಡಲ ನೀರು ಎರಡು ಸೇರಿನಷ್ಟು ಉಳಿದಿತ್ತು. ಅದರಲ್ಲೇ ಬಿಟ್ಟಳು. ಅಷ್ಟು ನೀರು ಎಷ್ಟು ಹೊತ್ತಿಗೆ ಸಾಕು? ಮಲ್ಪೆಯಿಂದ ತಿಂಗಳಿಗೊಮ್ಮೆ ಬರುವ ನೀರಿನ ಜಾಡಿ ಈ ಸಲವೂ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗದ ಬಸ್ ಏಜೆಂಟರ ಬಳಿ ಬಂದಿರಬೇಕಿತ್ತು. ಅಲ್ಲಿಂದ ಅದನ್ನು ತರುವ ಕಾರ್ಖಾನೆಯ ಜವಾನ ರಜೆಯಲ್ಲಿದ್ದ.

ರೈಲು ಹತ್ತಿದ್ದು ತಾನೇ ಎಂದು ಹೂವಮ್ಮನಿಗೆ ನಂಬಿಕೆಯಾದದ್ದು ಶಿವಮೊಗ್ಗದಲ್ಲಿ ಇಳಿದ ಮೇಲೆ. ಏಜೆಂಟರು ಜಾಡಿ ಕೊಟ್ಟರು. ಬಿರಡೆಗೆ ಮೇಣ ಬಿಗಿದಿತ್ತು. ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಅವಳು ಸ್ಟೇಷನ್ನಿಗೆ ವಾಪಸು ನಡೆದಳು. ಪ್ಲಾಟ್‌ಫಾರಂನಲ್ಲಿ ಪೋಲೀಸಿನವನೊಬ್ಬ ಅಡ್ಡ ನಿಂತ.

"ಏನಮ್ಮ ಅದ್ರಲ್ಲಿ? ಸಾರಾಯಾ?"

"ಅಲ್ಲಪ್ಪ. ನೀರು."

"ನೀರು ಭದ್ರಾವತೀಲಿ ಇಲ್ವಾ? ಹೊಳೆ ಪಕ್ಕದ ಊರಿಗೆ ನೀರು ಹೊತ್ಕೊಂಡು ಹೋಗ್ತೀಯಾ?"

ಬಿರಡೆ ಬಿಚ್ಚಿಸಿ, ಬೆರಳದ್ದಿ ನಾಲಗೆಗೆ ಇಟ್ಟ. ಬರೀ ಉಪ್ಪು. ಆ ತಿಂಗಳು ಬಾಯಿ ಬಾಯಲ್ಲೂ ಉಪ್ಪಿನದೇ ಮಾತು. ಅಂಕೋಲೆಯಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದವರನ್ನು ಬ್ರಿಟಿಷರ ಪೋಲೀಸರು ಹಿಡಿಯುತ್ತಿದ್ದರಂತೆ. ಇಲ್ಲಿ ಮಹಾರಾಜರ ಸೀಮೆಯಲ್ಲೂ ಕೆಳಗಿನ ಪೋಲೀಸಿನವರಿಗೆ ಏನು ಮಾಡಬೇಕೋ, ಏನು ಬಿಡಬೇಕೋ ತಿಳಿಯದ ಕಾಲ. "ದಫೇದಾರ್ರು ಬರ್ಲಿ, ಕೂತ್ಕೋ" ಎಂದ.

ಅವಳ ಕಣ್ಣೆದುರೇ ರೈಲು ಹೋಯಿತು. ಬೆಂಚಿನ ಪಕ್ಕ ನೆಲದ ಮೇಲೆ ಕೂತು ಜಾಡಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡಿದ್ದಳು. ಜೈಲಿಗೆ ಹಾಕಿದರೆ ಗೋಪಾಳದಲ್ಲಿ ಅಣ್ಣ ತಲೆಯೆತ್ತುವ ಹಾಗಿಲ್ಲ. ಬಿಟ್ಟರೂ ಮನೆಯಲ್ಲಿ ಸತ್ತ ಸೀಗಡಿಗಳಿವೆ. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ದಫೇದಾರರು ಬರುವಾಗ ಬಿಸಿಲು ಇಳಿದಿತ್ತು. ನರೆ ಮೀಸೆಯ ಮನುಷ್ಯ. "ಯಾರ ಪೈಕಿ ನೀನು? ಯಾರು ಕಳಿಸಿದ್ರು?" ಎಂದು ಕೇಳಿದರು.

ಹೂವಮ್ಮನಿಗೆ ಸುಳ್ಳು ಕಟ್ಟುವಷ್ಟೂ ಶಕ್ತಿ ಉಳಿದಿರಲಿಲ್ಲ. ಹೂಜಿ ಒಡೆದದ್ದು, ಹಿತ್ತಲಲ್ಲಿ ಹೂತದ್ದು, ತಂಬಿಗೆ, ಕಿಲುಬು, ಎಲ್ಲವನ್ನೂ ಹೇಳಿದಳು. "ಎರಡು ಮೀನು ಇನ್ನೂ ಉಸಿರಾಡ್ತಾ ಇದಾವೆ ಸ್ವಾಮಿ. ಹೊತ್ತಾದ್ರೆ ಅವೂ ಹೋಗ್ತವೆ. ಆಮೇಲೆ ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿ."

ದಫೇದಾರರು ಜಾಡಿಯನ್ನು ನೋಡಿದರು. "ಇಷ್ಟನ್ನ ಕಾಯಿಸಿದ್ರೆ ಅರ್ಧ ಸೇರು ಉಪ್ಪು ಬಂದ್ರೆ ಹೆಚ್ಚು ಮಾರಾಯ" ಎಂದು ಪೋಲೀಸಿನವನಿಗೆ ಹೇಳಿದರು. ಆದರೂ ಒಂದು ಕಾಗದ ತರಿಸಿ, ಅವಳ ಹೆಸರು, ಷಣ್ಮುಖಪ್ಪನವರ ಹೆಸರು ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. "ಸಾಹೇಬ್ರಿಗೆ ಕಾಗದ ಬರುತ್ತೆ. ಹೋಗು."

ಸಂಜೆಯ ರೈಲಿನಲ್ಲಿ ಅವಳು ಮಸಿ ಹತ್ತಿದ ಹೆಬ್ಬೆರಳನ್ನು ಸೀರೆಗೆ ಉಜ್ಜುತ್ತಲೇ ಇದ್ದಳು. ಕಪ್ಪು ಹೋಗಲಿಲ್ಲ. ಮನೆಗೆ ಬಂದಾಗ ಒಂದು ಮೀನು ಮೇಲೆ ತೇಲುತ್ತಿತ್ತು. ಇನ್ನೊಂದು ಮೀನು ಜಾಡಿಯ ತಳದಲ್ಲಿ ನಿಂತಿತ್ತು. ಹೊಸ ನೀರನ್ನು ಮಣ್ಣಿನ ಕುಡಿಕೆಯಿಂದ ಸ್ವಲ್ಪ ಸ್ವಲ್ಪವಾಗಿ ಬೆರೆಸಿದಳು. ತೊಟ್ಟಿ ಬರಿದು ಮಾಡಿ, ಗಾಜು ಉಜ್ಜಿ, ಮರಳು ಬೇಯಿಸಿ, ಹೊಸ ಇದ್ದಿಲು ಹಾಸಿದಳು. ಮರುದಿನ ಉಳಿದ ನೀರನ್ನು ಸುರಿದಾಗ ತೊಟ್ಟಿಯ ಕಾಲು ಭಾಗ ಮಾತ್ರ ತುಂಬಿತು. ಅದರಲ್ಲಿ ಒಂದೇ ಮೀನು.

ಷಣ್ಮುಖಪ್ಪನವರು ಬಂದು ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಕಡೆ ನೋಡಿದರು. ಮಗುವನ್ನೆತ್ತಿಕೊಂಡು ಜಗದಾಂಬಾ ಹೊಸ್ತಿಲಲ್ಲೇ ನಿಂತರು. ಹೂವಮ್ಮ ಕಂಬಕ್ಕೆ ಒರಗಿ, ನೆಲ ನೋಡುತ್ತ ಎಲ್ಲ ಹೇಳಿದಳು. ಹೆಬ್ಬೆಟ್ಟಿನ ವಿಷಯ ಹೇಳುವಾಗ ಮಸಿ ಹತ್ತಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಷಣ್ಮುಖಪ್ಪನವರು ಒಳಗೆ ಹೋದರು. ಆ ದಿನವಿಡೀ ಮಾತಿಲ್ಲ. ಹೂವಮ್ಮ ತನ್ನ ಟ್ರಂಕು ಕಟ್ಟಿಟ್ಟಳು.

ಮರುದಿನ ಬೆಳಿಗ್ಗೆ ಅವರು ಆ ತಂಬಿಗೆಯನ್ನು ಹಿಡಿದು ಬಂದರು. "ತಾಮ್ರದಿಂದ ಸತ್ವು ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ ಸ್ವಾಮಿ. ಕಿಲುಬು ಕಂಡೆ."

"ನಾನು ಹೇಳ್ಬೇಕಾಗಿತ್ತು. ನಂಗೂ ಹೊಳೆದಿರಲಿಲ್ಲ." ಅಷ್ಟು ಹೇಳಿ ತಮ್ಮ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಟ್ರಂಕಿನ ಕಡೆ ಕೈ ತೋರಿಸಿ, "ಅದನ್ನ ಒಳಗಿಡು" ಎಂದರು.

ಶಿವಮೊಗ್ಗದಿಂದ ಕಾಗದ ಬಂದದ್ದು ಮಳೆಗಾಲ ಹಿಡಿದ ಮೇಲೆ. ಷಣ್ಮುಖಪ್ಪನವರು ಎರಡು ಸಾಲು ಉತ್ತರ ಬರೆದರು. ಸಂಗತಿ ಅಲ್ಲಿಗೆ ಮುಗಿಯಿತು. ಹೂವಮ್ಮನಿಗೆ ಮಾತ್ರ ಮುಗಿಯಲಿಲ್ಲ. ಮುಂದೆ ವರ್ಷಗಟ್ಟಲೆ ಬೀದಿಯಲ್ಲಿ ಖಾಕಿ ಬಟ್ಟೆ ಕಂಡರೆ, ಅದು ಅಂಚೆಯವನದ್ದಾದರೂ, ಅವಳು ಅಡಿಗೆಮನೆಗೆ ಸರಿಯುತ್ತಿದ್ದಳು. ಹನ್ನೊಂದು ವರ್ಷ ಆ ತೊಟ್ಟಿ ನೋಡಿಕೊಂಡಳು. ಎಷ್ಟೋ ಮೀನು ಬಂದವು, ಹೋದವು. ನೀರು ಮಾತ್ರ ಮತ್ತೆ ಕಲಗಚ್ಚಾಗಲಿಲ್ಲ. ಬೆಳಿಗ್ಗೆ ಪಡಸಾಲೆಯ ಬಾಗಿಲು ತೆರೆಯುವ ಮೊದಲು ಒಂದು ಗಳಿಗೆ ಚಿಲಕದ ಮೇಲೆ ಕೈಯಿಟ್ಟು ನಿಲ್ಲುವುದು ಅವಳಿಗೆ ರೂಢಿಯಾಗಿತ್ತು.

ಷಣ್ಮುಖಪ್ಪನವರು ಕೆಲಸ ಬಿಟ್ಟು ದಾವಣಗೆರೆಗೆ ಹೊರಟಾಗ, ಬೇಕಾದರೆ ತೊಟ್ಟಿಯನ್ನು ನೀನೇ ಇಟ್ಟುಕೋ ಎಂದರು. ಹೂವಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ ಸ್ವಾಮಿ. ಬೇಕಾದ್ರೆ ಎಮ್ಮೆ ಕೊಡಿ, ಕಟ್ಕೊಂಡು ಇರ್ತೀನಿ. ಅದಕ್ಕೆ ಹಸಿವಾದ್ರೆ ಕೂಗುತ್ತೆ. ಇವು ಸಾಯೋವಾಗ್ಲೂ ಕೂಗಲ್ಲ."

ತೊಟ್ಟಿ ದಾವಣಗೆರೆಯ ಗಾಡಿ ಹತ್ತಿತು. ಅವರು ಎಮ್ಮೆಯನ್ನೇ ಕೊಡಿಸಿದರು. ಹೂವಮ್ಮ ಅದನ್ನು ಹೊಡೆದುಕೊಂಡು ಗೋಪಾಳಕ್ಕೆ ನಡೆದೇ ಹೋದಳು. ಶಿವಮೊಗ್ಗದ ರೈಲು ಸ್ಟೇಷನ್ನಿನ ದಾರಿ ಬಿಟ್ಟು, ಹೊಲಗಳ ನಡುವಿನ ಸುತ್ತು ದಾರಿಯಲ್ಲಿ.