ಅಜ್ಜಿ ಚರ್ಚಿನ ಗಂಟಿ ಹೊಡೆದಾಗ

ಇವತ್ತು ಕರೆಂಟ್ ಹೋಗಿ ಮೇಣದಬತ್ತಿ ಹಚ್ಚಿದ್ವಿ ನೋಡ್ರಿ, ಆ ವಾಸನಿಗೆ ಹೊಸಪೇಟೆ ಹಳೇ ಚರ್ಚು ಕಣ್ಮುಂದ ಬಂತು. ಸಣ್ಣಾಕಿ ಇದ್ದಾಗ ನಂಗ ಟೈಫಾಯ್ಡ್ ಆಗಿ, ಉಳಿಯೋದಾ ಡೌಟ್ ಇತ್ತು. ಪಕ್ಕದ್ಮನಿ ಮೇರಿ ಆಂಟಿ ದಿನಾ ಆ ಚರ್ಚಿನ್ಯಾಗ ನನ್ನ ಸಲುವಾಗಿ ಬೇಡ್ಕೊಂಡ್ರು. ಜ್ವರ ಬಿಟ್ಟ ಕೂಡ್ಲೇ, ಕಂಪ್ಲಿಯಿಂದ ಬಂದಿದ್ದ ನಮ್ಮ ಅಜ್ಜಿ ತೆಂಗಿನಕಾಯಿ ಹಿಡ್ಕೊಂಡು ನನ್ನ ಅಲ್ಲಿಗೆ ಕರ್ಕೊಂಡು ಹೋದ್ಲು.

ಚಪ್ಪಲಿ ಹೊರಗ ಬಿಟ್ಟು, ಗುಡ್ಯಾಗ ಹೊಡೆದಂಗ ಗಂಟಿ ಹಗ್ಗ ಜಗ್ಗೇಬಿಟ್ಲು. ಹೊತ್ತಲ್ಲದ ಹೊತ್ತಿನ್ಯಾಗ ಆ ಗಂಟಿ ಬಡೀತಂದ್ರ ಯಾರೋ ಸತ್ತಾರಂತ ಅರ್ಥ. ಫಾದರ್ ಓಡಿ ಬಂದ್ರು.

"ಯಾರು ತೀರ್ಕೊಂಡ್ರಮ್ಮ?"

"ಬಿಡ್ತು ಅನ್ರಿ ಸ್ವಾಮೇರ! ನಮ್ಮ ಹುಡುಗಿ ಉಳದಾಳ. ನಿಮ್ಮ ದೇವ್ರಿಗೆ ಹೇಳಾಕ ಬಂದೀನಿ."

ಫಾದರ್ ನಕ್ಕು ಹಗ್ಗ ನನ್ನ ಕೈಗೆ ಕೊಟ್ರು. "ಹಂಗಾರ ನೀನಾ ಹೊಡಿಯವ್ವ."

ಮಸ್ತ್ ಜಗ್ಗಿದ್ನಿ. ಇವತ್ತಿಗೂ ಯಾವ ದೇವ್ರ ಬಾಗ್ಲಾಗ ನಿಂತ್ರೂ ನಂಗ ಒಂಚೂರೂ ಅಂಜಿಕಿ ಆಗಂಗಿಲ್ಲ.