ಎಣ್ಣೆ ಟ್ಯಾಂಕಿಗೆ ಕವರು ತೊಡಿಸಿದ ದೇವರಾಜು

ಕಡಲಾಚೆಯ ಮಾರ್ಗನ್ ಹಿಲ್ ಊರಿನ ಅಂಚಿನಲ್ಲಿ ವಾಸವಾಗಿರುವ ದೇವರಾಜು ಅವರು ಮದ್ದೂರಿನ ಸಮೀಪ ಜನಿಸಿದ್ದು ೧೯೬೮ನೆಯ ಇಸವಿ ಜೂನ್ ೯ರಂದು, ಭಾನುವಾರ. ಬುದ್ಧಿ ಬಂದಾಗಿನಿಂದ ಅವರು ಯಾವ ವಸ್ತುವನ್ನೂ ಬರಿಮೈಯಲ್ಲಿ ಬಿಟ್ಟವರಲ್ಲ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಕವರು, ಆ ಕವರು ಮಾಸದಂತೆ ಮೇಲೊಂದು ಕವರು. ಕಾರಿನ ಸೀಟಿಗೆ ಷೋರೂಮಿನವರು ಹೊದಿಸಿಕೊಟ್ಟದ್ದನ್ನು ಇಂದಿಗೂ ತೆಗೆದಿಲ್ಲ; ಬೇಸಿಗೆಯಲ್ಲಿ ಅತಿಥಿಗಳು ಅದಕ್ಕೆ ಅಂಟಿಕೊಂಡು, ಇಳಿಯುವಾಗ ಪರಪರನೆ ಸದ್ದು ಮಾಡುತ್ತಾರೆ.

"ನನ್ನೊಬ್ಬಳನ್ನ ಹೇಗೋ ಬಿಟ್ಟಿದ್ದಾರೆ" ಎಂದು ಪತ್ನಿ ವಾಣಿಶ್ರೀ ನೆಂಟರಿಗೆಲ್ಲ ಹೇಳುವುದುಂಟು.

ಅವರ ಮನೆ ಹಳೆಯ ಕಾಲದ್ದು. ಆ ರಸ್ತೆಗೆ ಗ್ಯಾಸ್ ಕೊಳವೆ ಬಂದೇ ಇಲ್ಲವಾದ್ದರಿಂದ ಹಿತ್ತಲಿನಲ್ಲೊಂದು ಎಣ್ಣೆಯ ಟ್ಯಾಂಕು, ಗ್ಯಾರೇಜಿನಲ್ಲಿ ಆ ಎಣ್ಣೆಯನ್ನು ಉರಿಸಿ ಮನೆಯನ್ನು ಬೆಚ್ಚಗಿಡುವ ಫರ್ನೇಸು. ೨೦೨೫ರ ಅಕ್ಟೋಬರ್ ೧, ಬುಧವಾರ, ಆಯುಧಪೂಜೆ. ಊರಿನಿಂದ ಬಂದಿದ್ದ ತಾಯಿ ನಂಜಮ್ಮ ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಪೂಜೆ ಮುಗಿಸಿ ಟ್ಯಾಂಕಿನ ಬಳಿಗೆ ಬಂದರು. ಅದರ ನೆತ್ತಿಯ ಮೇಲೆ ಸೊಂಡಿಲಿನಂತೆ ಬಾಗಿದ ಕೊಳವೆಯೊಂದನ್ನು ಕಂಡು ಭಕ್ತಿ ಉಕ್ಕಿತು. ಮೂರೆಳೆ ವಿಭೂತಿ ಬಳಿದು, ಕುಂಕುಮವಿಟ್ಟು, ಕೈಮುಗಿದರು. ಅಕ್ಟೋಬರ್ ೧೩ರಂದು ಮಳೆಯ ಮುನ್ಸೂಚನೆ ಬಂದಾಗ, ತಾಯಿ ಇಟ್ಟ ಕುಂಕುಮ ತೊಳೆದುಹೋಗಬಾರದೆಂದು ದೇವರಾಜು ಆ ಕೊಳವೆಗೆ ದಪ್ಪನೆಯ ಪ್ಲಾಸ್ಟಿಕ್ ಕವರು ತೊಡಿಸಿ, ರಬ್ಬರ್ ಬ್ಯಾಂಡುಗಳಿಂದ ಬಿಗಿದರು, ಆಮೇಲೆ ಮರೆತೂಬಿಟ್ಟರು.

ನವೆಂಬರ್ ೨೧ರಂದು ಚಳಿ ಹಿಡಿಯಿತು. ಮರುದಿನ, ಶನಿವಾರ ಬೆಳಿಗ್ಗೆ, ಫರ್ನೇಸು ನಿಂತಿತು.

ನಂಜಮ್ಮ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು, ಅದರ ಮೇಲೆ ಶಾಲು ಧರಿಸಿ ಸೋಫಾದಲ್ಲಿ ಮುದುಡಿ ಕುಳಿತರು.

"ಲೋ ದೇವ, ಕಾಲು ಮರಗಟ್ಟೋಯ್ತು ಕಣ್ಲಾ. ಯೋಗ ಫೋನ್ ಮಾಡಿದ್ದ. ಅವ್ನ ಮನೆ ಬೆಚ್ಚಗೈತಂತೆ. ಮಧ್ಯಾನ ಬತ್ತಾನೆ, ಹೋಯ್ತೀನಿ."

ದೇವರಾಜು ಅವರ ತಮ್ಮ ಯೋಗಾನಂದ ಇದ್ದದ್ದು ಕಾರಿನಲ್ಲಿ ಅರ್ಧ ಗಂಟೆ ದೂರದ ಎವರ್‌ಗ್ರೀನ್‌ನಲ್ಲಿ. ಅವ್ವ ಸಂಕ್ರಾಂತಿಯವರೆಗೆ ತಮ್ಮಲ್ಲೇ ಇರಬೇಕೆಂದು ದೇವರಾಜು ಬೇಸಿಗೆಯಿಂದ ಹಠ ಹಿಡಿದು ಗೆದ್ದಿದ್ದರು. ಒಮ್ಮೆ ಆ ಕಡೆ ಹೋದರೆ ಅವ್ವ ಮರಳುವುದುಂಟೆ?

"ಮಧ್ಯಾಹ್ನದೊಳಗೆ ರಿಪೇರಿ ಮಾಡ್ತೀನಿ ಅವ್ವ!"

ಮೆಕ್ಯಾನಿಕ್ಕನಿಗೆ ಕರೆಮಾಡಿದರೆ ಮಂಗಳವಾರ ಬರುವೆನೆಂದ. ದೇವರಾಜು ತಾವೇ ಟಾರ್ಚು ಹಿಡಿದರು. ಮಾಪಕ ನೋಡಿದರೆ ಟ್ಯಾಂಕು ಅರ್ಧ ತುಂಬಿತ್ತು. ಫರ್ನೇಸನ್ನು ಮತ್ತೆ ಚಾಲೂ ಮಾಡುವ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರು. ಫರ್ನೇಸು ಗೊರ್ ಎಂದು, ಕೆಮ್ಮಿ, ಆರಿತು. ಮತ್ತೆ ಮತ್ತೆ ಒತ್ತಬಾರದೆಂದು ಅಲ್ಲೇ ಬರೆದಿತ್ತು. ಎಣ್ಣೆ ಸೋಸುವ ಫಿಲ್ಟರು ಬದಲಿಸಿದರು. ಪೈಪಿನಲ್ಲಿ ಸೇರಿದ್ದ ಗಾಳಿಯನ್ನು ಹೊರಬಿಟ್ಟರು. ಅವರ ಅಂಗಿಗೆ ಎಣ್ಣೆ ಚಿಮ್ಮಿತು. ಫರ್ನೇಸು ಸ್ವಲ್ಪ ಹೊತ್ತು ಉರಿದು ಪುನಃ ಸತ್ತಿತು.

"ಅಂಗಿಗೂ ಒಂದು ಕವರ್ ಹಾಕ್ಕೋಬೇಕಿತ್ತು ರೀ" ಎಂದರು ವಾಣಿಶ್ರೀ.

ಮಾಪಕವೇ ಸುಳ್ಳು ಹೇಳುತ್ತಿರಬಹುದೆಂದು, ಕೋಲು ಇಳಿಸಿ ನೋಡಲು ದೇವರಾಜು ಟ್ಯಾಂಕು ತುಂಬಿಸುವ ಮುಚ್ಚಳವನ್ನು ತಿರುಗಿಸಿದರು. ಟ್ಯಾಂಕು ಸೊಂಯ್ ಎಂದು ದೀರ್ಘವಾಗಿ ಉಸಿರೆಳೆದುಕೊಂಡಿತು. ಅವರು ಬೆಚ್ಚಿ ಹುಲ್ಲಿನ ಮೇಲೆ ಕುಳಿತೇಬಿಟ್ಟರು. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕು ಎಣ್ಣೆಯನ್ನು ಕೊಡದೆ ಹಿಡಿದುಕೊಳ್ಳುತ್ತದೆ. ಹಾಗಾದರೆ ಗಾಳಿಯ ದಾರಿ ಯಾವುದು? ತಲೆಯೆತ್ತಿದರು. ಬಾಗಿದ ಕೊಳವೆಯ ಬಾಯಿಗೆ ತಾವೇ ತೊಡಿಸಿದ ಕವರು ಒಳಕ್ಕೆ ಹೀರಿಕೊಂಡು, ಗುಳಿಬಿದ್ದ ಕೆನ್ನೆಯಂತೆ ಅಂಟಿಕೊಂಡಿತ್ತು.

ಕವರು ಕಿತ್ತರು. ಮುಚ್ಚಳ ಬಿಗಿದರು. ಪೈಪಿನ ಗಾಳಿಯನ್ನು ಇನ್ನೊಮ್ಮೆ ಬಿಟ್ಟು ಗುಂಡಿ ಒತ್ತಿದರು. ಫರ್ನೇಸು ಗುಡುಗಿ, ಉರಿಯತೊಡಗಿತು.

ಅಷ್ಟರಲ್ಲಿ ಯೋಗಾನಂದ ಬಂದು, ಅವ್ವನ ಸೂಟ್‌ಕೇಸನ್ನು ಬಾಗಿಲಿಗೆ ತಂದಿದ್ದರು. ದೇವರಾಜು ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಒಳಬಂದರು. ಅದು ಚರಪರ ಎಂದಿತು.

"ಅದೇನ್ಲಾ ಕೈಯಾಗೆ?"

ಸುಳ್ಳು ಹೊಳೆಯದೆ ದೇವರಾಜು ಎಲ್ಲವನ್ನೂ ಒಪ್ಪಿಸಿದರು. ಯೋಗಾನಂದ ನಕ್ಕು ನಕ್ಕು ಗೋಡೆಗೆ ಒರಗಿದರು. "ಅಣ್ಣ, ಟ್ಯಾಂಕಿಗೂ ಕವರಾ! ನಡಿಯವ್ವ, ಫ್ರೀವೇಲಿ ಟ್ರಾಫಿಕ್ ಶುರುವಾಗತ್ತೆ."

ಮನೆ ನಿಧಾನವಾಗಿ ಬೆಚ್ಚಗಾಗುತ್ತಿತ್ತು. ನಂಜಮ್ಮ ಮಂಕಿ ಕ್ಯಾಪು ತೆಗೆದು, ಹಿರಿಯ ಮಗನನ್ನು ಎಣ್ಣೆಯ ಕಲೆಗಳ ಸಮೇತ ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾನೆಲ್ಗೂ ಬರಾಕಿಲ್ಲ ಕಣೋ ಯೋಗ. ನಿನ್ಗೇನು, ಬುದ್ಧಿ ನೆಟ್ಟಗೈತೆ. ಇವ್ನು ನಾಳೀಕೆ ಇನ್ಯಾವುದ್ರ ಉಸ್ರು ಕಟ್ಟುಸ್ತಾನೋ, ಕಾಯಾಕೆ ಯಾರಾನ ಬ್ಯಾಡ್ವಾ?"

ಯೋಗಾನಂದ ಸೂಟ್‌ಕೇಸನ್ನು ಅಲ್ಲೇ ಬಿಟ್ಟು, ಜಾಕೆಟ್ಟು ಕಳಚಿ, ಪ್ಲಾಸ್ಟಿಕ್ ಹೊದಿಸಿದ ಕುರ್ಚಿಯೊಂದರ ಮೇಲೆ ಮುಖ ಉಬ್ಬಿಸಿಕೊಂಡು ಕುಳಿತರು.

"ಅತ್ಗೆ, ಊಟಕ್ಕೇನು ಮಾಡಿದೀರಾ?"